ಕಿಲೋಮೀಟರಿಗೆ 1,900 ರೂಪಾಯಿ

ಕಳೆದ ತಿಂಗಳು ಬಸವನಗುಡಿಯ ನನ್ನ ತೆರಿಗೆ ಸಲಹೆಯ ಕಚೇರಿಗೆ ಹಳೆಯ ಗ್ರಾಹಕರೊಬ್ಬರು ಬಂದಿದ್ದರು. ನ್ಯಾಷನಲ್ ಕಾಲೇಜು ನಿಲ್ದಾಣದಲ್ಲಿ ಮೆಟ್ರೊ ಇಳಿದು, ಬಿಸಿಲಿನಲ್ಲಿ ನಡೆದುಕೊಂಡೇ ಬಂದರು. ಅವರ ಮನೆಯ ನೆಲಮಾಳಿಗೆಯಲ್ಲಿ ಹೊದಿಕೆ ಹೊದ್ದು ಒಂದು ಪೋರ್ಷೆ 911 ನಿಂತಿದೆ. ಕಾರು ಏಕೆ ತರಲಿಲ್ಲ ಎಂದು ಕೇಳಿದೆ. "ಬ್ಯಾಟರಿ ಸತ್ತಿದೆ. ತಂದರೂ ಇಲ್ಲಿ ಎಲ್ಲಿ ನಿಲ್ಲಿಸುವುದು?" ಎಂದರು. ಅವರು ಬಂದದ್ದು ಒಂದು ಪ್ರಶ್ನೆ ಹಿಡಿದುಕೊಂಡು. ಏಳು ವರ್ಷದ ಹಿಂದೆ ಹೂಡಿಕೆ ಎಂದೇ ಆ ಕಾರನ್ನು ಕೊಂಡಿದ್ದರು. ಈಗ ಒಬ್ಬರು ಕೇಳುತ್ತಿದ್ದಾರೆ. ಕೊಡಬೇಕೆ, ಇನ್ನೂ ಕಾಯಬೇಕೆ?

ಇಂಥ ಪ್ರಶ್ನೆ ಈಗ ವರ್ಷಕ್ಕೆ ನಾಲ್ಕೈದು ಬಾರಿ ನನ್ನ ಮೇಜಿಗೆ ಬರುತ್ತದೆ. ಷೇರು, ನಿವೇಶನ, ಚಿನ್ನದ ಸಾಲಿಗೆ ಸ್ಪೋರ್ಟ್ಸ್ ಕಾರೂ ಸೇರಿದೆ. ಕೇಳುವವರ ಬಾಯಲ್ಲಿ ಬರುವುದು ಹೆಚ್ಚುಕಡಿಮೆ ಒಂದೇ ಕಥೆ: 1962ರಿಂದ 64ರ ನಡುವೆ ತಯಾರಾದ ಫೆರಾರಿ 250 ಜಿಟಿಒ. ಒಟ್ಟು 36 ಕಾರುಗಳು. ಆಗ ಅಮೆರಿಕದಲ್ಲಿ ಅದರ ಬೆಲೆ ಸುಮಾರು 18,000 ಡಾಲರ್. 2018ರ ಹರಾಜಿನಲ್ಲಿ ಅದರಲ್ಲೊಂದು 4.84 ಕೋಟಿ ಡಾಲರಿಗೆ ಹೋಯಿತು, 2023ರಲ್ಲಿ ಮತ್ತೊಂದು 5.17 ಕೋಟಿಗೆ. ಕಥೆ ನಿಜ. ಆದರೆ 1988ರಲ್ಲಿ ಕಂಪನಿಯ ಸ್ಥಾಪಕ ಎಂಜೊ ಫೆರಾರಿ ತೀರಿಕೊಂಡ ಮೇಲೆ ಬೆಲೆ ಹುಚ್ಚೆದ್ದು ಏರಿ, 1990ರಲ್ಲಿ ನೆಲಕ್ಕೆ ಬಿದ್ದದ್ದನ್ನು ಯಾರೂ ಹೇಳುವುದಿಲ್ಲ. ಆಗ ಸಾಲ ಮಾಡಿ ಕೊಂಡವರ ಕಥೆ ಹರಾಜಿನ ಕ್ಯಾಟಲಾಗಿನಲ್ಲಿ ಅಚ್ಚಾಗುವುದಿಲ್ಲ.

ನಾನು ಕಾಗದ ತೆಗೆದುಕೊಂಡೆ. ಅವರ ಒಪ್ಪಿಗೆ ಪಡೆದು, ಅಂಕಿಗಳನ್ನು ತುಸು ದುಂಡಗೆ ಮಾಡಿ ಆ ಲೆಕ್ಕವನ್ನು ಇಲ್ಲಿ ಇಡುತ್ತಿದ್ದೇನೆ.

ಕೊಂಡಾಗ ರಸ್ತೆಗಿಳಿದ ಬೆಲೆ 2.60 ಕೋಟಿ. ಈಗ ಬಂದಿರುವ ಕೇಳಿಕೆ 3.10 ಕೋಟಿ. ಐವತ್ತು ಲಕ್ಷ ಲಾಭ ಎಂದು ಅವರ ಮುಖ ಅರಳಿತ್ತು. ಏಳು ವರ್ಷಕ್ಕೆ ಹಂಚಿದರೆ ಅದು ವರ್ಷಕ್ಕೆ ಶೇ 2.5. ಅದರಲ್ಲಿ ವಿಮೆ, ಸರ್ವಿಸ್, ಎರಡು ಬ್ಯಾಟರಿ, ಓಡದೆ ನಿಂತೇ ಗಟ್ಟಿಯಾದ ಟೈರುಗಳ ಬದಲಿ ಎಲ್ಲ ಸೇರಿ 35 ಲಕ್ಷ ಹೋಗಿದೆ. ಉಳಿದದ್ದು 15 ಲಕ್ಷ, ಎಂದರೆ ವರ್ಷಕ್ಕೆ ಶೇ 1ಕ್ಕೂ ಕಡಿಮೆ. ಅದೇ ಹಣ ತೆರಿಗೆ ಕಳೆದು ಶೇ 4.5 ಕೊಡುವ ಸಾದಾ ಠೇವಣಿಯಲ್ಲಿದ್ದಿದ್ದರೆ ಇಂದು 3.54 ಕೋಟಿ ಆಗಿರುತ್ತಿತ್ತು. ಖರ್ಚು ಕಳೆದರೆ ಕಾರಿನಿಂದ ಅವರ ಕೈಗೆ ಬರುವುದು 2.75 ಕೋಟಿ. ನಡುವಿನ 79 ಲಕ್ಷ ಆ ಕಾರಿನ ನಿಜವಾದ ಬೆಲೆ.

ಆಮೇಲೆ ಓಡೋಮೀಟರ್ ಎಷ್ಟಿದೆ ಎಂದು ಕೇಳಿದೆ. 4,100 ಕಿಲೋಮೀಟರ್ ಎಂದರು, ಕೊಂಚ ಹೆಮ್ಮೆಯಿಂದಲೇ. ಭಾಗಿಸಿದೆ. ಕಿಲೋಮೀಟರಿಗೆ 1,900 ರೂಪಾಯಿಯ ಮೇಲಾಯಿತು. ನಂದಿ ಬೆಟ್ಟಕ್ಕೆ ಹೋಗಿ ಬರುವುದು 120 ಕಿಲೋಮೀಟರ್ ಎಂದಿಟ್ಟುಕೊಂಡರೆ ಒಂದು ಭಾನುವಾರಕ್ಕೆ ಎರಡೂಕಾಲು ಲಕ್ಷ!

ಈಗ ಇನ್ನೊಂದು ದಿಕ್ಕಿನಿಂದ ಲೆಕ್ಕ ಹಾಕೋಣ ಎಂದೆ. ಇದೇ ಕಾರನ್ನು ಅವರು 20,000 ಕಿಲೋಮೀಟರ್ ಓಡಿಸಿದ್ದರು, ಅದರಿಂದ ಕೇಳಿಕೆ 30 ಲಕ್ಷ ತಗ್ಗಿತು ಎಂದುಕೊಳ್ಳಿ. ಆಗ ಹೋದ ಹಣ 1.09 ಕೋಟಿ, ಕಿಲೋಮೀಟರಿಗೆ 545 ರೂಪಾಯಿ. ಪೆಟ್ರೋಲು, ಟೈರು ಸೇರಿಸಿದರೂ 600ರ ಆಸುಪಾಸು. ಕಡಿಮೆ ಓಡಿಸಿ ಅವರು 30 ಲಕ್ಷ ಉಳಿಸಿದ್ದು ನಿಜ. ಆ 30 ಲಕ್ಷಕ್ಕೆ ಬಿಟ್ಟುಕೊಟ್ಟದ್ದು ಹದಿನಾರು ಸಾವಿರ ಕಿಲೋಮೀಟರಿನ ಚಾಲನೆ. ಚಾರ್ಮಾಡಿ ಘಾಟಿ, ಮುಂಜಾನೆಯ ಹಾಸನ ರಸ್ತೆ, ಚಿಕ್ಕಮಗಳೂರಿನ ತಿರುವುಗಳು. ಓಡಿಸಲು ಆಸೆಯಿಲ್ಲದವರು ಇಂಥ ಕಾರನ್ನು ಕೊಳ್ಳಲೇಬಾರದು ಎಂಬುದು ನನ್ನ ಅಭಿಪ್ರಾಯ. ಆದರೆ ಅವರಿಗೆ ಆಸೆಯಿತ್ತು. ಬೆಲೆ ಇಳಿದೀತೆಂಬ ಹೆದರಿಕೆ ಅದನ್ನು ತಿಂದುಹಾಕಿತ್ತು.

ಓಡಿಸಿದರೆ ಬೆಲೆ ಬೀಳುತ್ತದೆ ಎಂಬುದೂ ಪೂರ್ತಿ ಸತ್ಯವಲ್ಲ. ಗಾರ್ಡನ್ ಮರ್ರೆ ವಿನ್ಯಾಸ ಮಾಡಿದ ಮೆಕ್‌ಲಾರೆನ್ ಎಫ್1 ಕಾರುಗಳು ತಯಾರಾದದ್ದು 106. ಅದರಲ್ಲೊಂದನ್ನು ನಟ ರೋವನ್ ಆಟ್ಕಿನ್ಸನ್ 1997ರಲ್ಲಿ 5.4 ಲಕ್ಷ ಪೌಂಡಿಗೆ ಕೊಂಡರು. ನಮ್ಮ ಮಿಸ್ಟರ್ ಬೀನ್ ಅದನ್ನು ಹೊದಿಕೆಯಡಿ ಇಡಲಿಲ್ಲ. ಎರಡು ಬಾರಿ ಅಪಘಾತ ಮಾಡಿದರು. 2011ರ ಅಪಘಾತದ ದುರಸ್ತಿಗೆ ವಿಮಾ ಕಂಪನಿ ತೆತ್ತದ್ದು 9.1 ಲಕ್ಷ ಪೌಂಡ್, ಕೊಂಡ ಬೆಲೆಗಿಂತ ಹೆಚ್ಚು. 41,000 ಮೈಲಿ ಓಡಿದ ಆ ಕಾರು 2015ರಲ್ಲಿ 80 ಲಕ್ಷ ಪೌಂಡಿಗೆ ಮಾರಾಟವಾಯಿತು. ಖರ್ಚು ಬಿಟ್ಟು ಲೆಕ್ಕ ಹಾಕಿದರೆ ವರ್ಷಕ್ಕೆ ಶೇ 16. ಇನ್ನೊಂದು ಎಫ್1 ಬರೀ 242 ಮೈಲಿ ಓಡಿ, 2021ರಲ್ಲಿ ಎರಡು ಕೋಟಿ ಡಾಲರ್ ದಾಟಿತು. ಓಡದ ಕಾರಿಗೆ ಹೆಚ್ಚು ಸಿಕ್ಕಿತು, ಅಲ್ಲಗಳೆಯುವುದಿಲ್ಲ. ಆದರೆ ಇಬ್ಬರಲ್ಲಿ ಕಾರು ಇದ್ದದ್ದು ಯಾರ ಬಳಿ?

ಇನ್ನು ಆ ಕಥೆಗಳನ್ನು ಬೆಂಗಳೂರಿಗೆ ತಂದು ನೆಟ್ಟರೆ ಬೇರು ಹಿಡಿಯುವುದಿಲ್ಲ. ವಿದೇಶದಲ್ಲಿ ಒಂದು ಕೋಟಿ ಬೆಲೆಯ ಹೊಸ ಕಾರು ನಮ್ಮ ಬಂದರಿಗೆ ಬಂದರೆ ಸುಂಕ, ಸೆಸ್ ಸೇರಿ ಶೇ 110. ಅಲ್ಲಿಗೆ 2.10 ಕೋಟಿ. ಅದರ ಮೇಲೆ ಶೇ 40 ಜಿಎಸ್‌ಟಿ, 2.94 ಕೋಟಿ. ಕರ್ನಾಟಕದ ಆಜೀವ ತೆರಿಗೆ ಶೇ 18, ಉಪಕರ ಬಿಟ್ಟರೂ 53 ಲಕ್ಷ. ಮೂರೂವರೆ ಕೋಟಿಯಲ್ಲಿ ಕಾರು ಇರುವುದು ಒಂದು ಕೋಟಿಯದು, ಮಿಕ್ಕದ್ದು ರಸೀದಿ. ನಾಳೆ ಸರ್ಕಾರ ಸುಂಕ ಇಳಿಸಿದರೆ ಹಳೆಯ ರಸೀದಿಗೆ ಯಾರು ಬೆಲೆ ಕೊಡುತ್ತಾರೆ? 2025ರ ಜುಲೈನಲ್ಲಿ ಬ್ರಿಟನ್ನಿನೊಡನೆ ಸಹಿಯಾದ ಒಪ್ಪಂದದಲ್ಲಿ, ಅಲ್ಲಿಂದ ಬರುವ ನಿಗದಿತ ಸಂಖ್ಯೆಯ ಕಾರುಗಳ ಸುಂಕ ಹಂತಹಂತವಾಗಿ ಶೇ 10ಕ್ಕೆ ಇಳಿಯುವ ಮಾತಿದೆ. ಬ್ರಿಟನ್ನಿನ ಆಸ್ಟನ್ ಮಾರ್ಟಿನ್ ಕಾರು ಇಟ್ಟುಕೊಂಡು ಬೆಲೆ ಏರಲಿ ಎಂದು ಕಾಯುತ್ತಿರುವವರು ಆ ಸಾಲನ್ನು ಎರಡು ಸಲ ಓದಬೇಕು.

ಜಗತ್ತಿನ ಸಂಗ್ರಾಹಕರು ಬೆನ್ನುಹತ್ತಿರುವ 1980, 90ರ ದಶಕದ ಕಾರುಗಳಂತೂ ನಮ್ಮ ಪಾಲಿಗೆ ಇಲ್ಲ. ಬಳಸಿದ ಕಾರು ತರಿಸಬೇಕಾದರೆ ಅದಕ್ಕೆ ಮೂರು ವರ್ಷಕ್ಕಿಂತ ಹೆಚ್ಚು ವಯಸ್ಸಾಗಿರಬಾರದು. 2025ರಿಂದ ಐವತ್ತು ದಾಟಿದ ಕಾರುಗಳಿಗೆ ಬಾಗಿಲು ತೆರೆದಿದೆ. ನಡುವಿನ ವಯಸ್ಸಿನವಕ್ಕೆ ಮುಚ್ಚಿದ ಗೇಟು. ಆ ಐವತ್ತು ದಾಟಿದ ಕಾರನ್ನು 20,000 ರೂಪಾಯಿ ಕಟ್ಟಿ ವಿಂಟೇಜ್ ಎಂದು ನೋಂದಾಯಿಸಿದರೆ 'ವಿಎ' ಅಕ್ಷರದ ಫಲಕ ಸಿಗುತ್ತದೆ. ಪ್ರದರ್ಶನ, ರ್‍ಯಾಲಿ, ದುರಸ್ತಿ, ಇಂಧನಕ್ಕೆ ಹೊರಗೆ ತೆಗೆಯಬಹುದು, ದಿನನಿತ್ಯದ ಓಡಾಟಕ್ಕಲ್ಲ. ಮಾಮೂಲಿ ನೋಂದಣಿಯಲ್ಲೇ ಇಪ್ಪತ್ತು ವರ್ಷ ದಾಟಿದ ಆಮದು ಕಾರಿನ ನವೀಕರಣ ಶುಲ್ಕ ಈಗ 80,000 ರೂಪಾಯಿ.

ತೆರಿಗೆ ಉಳಿಸಲು ಪುದುಚೇರಿಯಲ್ಲೋ ಬೇರೆ ರಾಜ್ಯದಲ್ಲೋ ನೋಂದಾಯಿಸಿ ಇಲ್ಲಿ ಓಡಿಸುವ ಜಾಣತನದ ಬಗ್ಗೆ ಹೆಚ್ಚು ಹೇಳುವುದಿಲ್ಲ. 2025ರ ಜುಲೈನಲ್ಲಿ ಮಹಾರಾಷ್ಟ್ರದ ಫಲಕವಿದ್ದ ಒಂದು ಫೆರಾರಿಯಿಂದ ಬೆಂಗಳೂರಿನ ಆರ್‌ಟಿಒ ಒಂದೇ ದಿನದಲ್ಲಿ 1.42 ಕೋಟಿ ಕಟ್ಟಿಸಿಕೊಂಡಿತು.

ನನ್ನ ಕಸುಬಿನ ಮಾತಿಗೆ ಬರುತ್ತೇನೆ. ಸ್ವಂತ ಬಳಕೆಯ ಕಾರು ಆದಾಯ ತೆರಿಗೆಯ ಮಟ್ಟಿಗೆ 'ಬಂಡವಾಳ ಆಸ್ತಿ' ಅಲ್ಲ. ಬಟ್ಟೆ, ಪಾತ್ರೆ, ಪೀಠೋಪಕರಣದಂತೆ ಅದೂ ವೈಯಕ್ತಿಕ ವಸ್ತು. ಆದ್ದರಿಂದ ಮಾರಿ ಬಂದ ಲಾಭಕ್ಕೆ ತೆರಿಗೆಯಿಲ್ಲ, ನಷ್ಟವಾದರೆ ಬೇರೆ ಲಾಭದಲ್ಲಿ ಹೊಂದಿಸಿಕೊಳ್ಳಲೂ ಆಗುವುದಿಲ್ಲ. ಇದನ್ನು ಕೇಳಿದ ಕೂಡಲೇ ಎಲ್ಲರೂ ಕುರ್ಚಿಯಲ್ಲಿ ನೆಟ್ಟಗೆ ಕೂರುತ್ತಾರೆ. ಆಗ ನಾನು 1976ರ ಸುಪ್ರೀಂ ಕೋರ್ಟ್ ತೀರ್ಪೊಂದನ್ನು ತೆಗೆಯುತ್ತೇನೆ. ಮಹಾರಾಜ ರಾಣಾ ಹೇಮಂತ್ ಸಿಂಗ್‌ಜಿ ಅವರು ತಮ್ಮ ಚಿನ್ನದ ನಾಣ್ಯ, ಬೆಳ್ಳಿ ನಾಣ್ಯ, ಬೆಳ್ಳಿ ಗಟ್ಟಿಗಳು ಲಕ್ಷ್ಮೀಪೂಜೆಗೆ ಬಳಸುವವು, ಆದ್ದರಿಂದ ವೈಯಕ್ತಿಕ ವಸ್ತುಗಳು ಎಂದು ವಾದಿಸಿದ್ದರು. ನ್ಯಾಯಾಲಯ ಒಪ್ಪಲಿಲ್ಲ. ವಸ್ತುವಿಗೂ ವ್ಯಕ್ತಿಗೂ ಬಳಕೆಯ ನಿಕಟ ಸಂಬಂಧ ಇರಬೇಕು ಎಂದಿತು. ವರ್ಷಕ್ಕೊಮ್ಮೆ ಹೊರತೆಗೆದು ಪೂಜೆ ಮಾಡಿದರೆ ಸಾಲದು.

ಆಯುಧಪೂಜೆಯಂದು ಮಾತ್ರ ಹೊದಿಕೆ ಸರಿಸಿ, ನಿಂಬೆಹಣ್ಣಿನ ಮೇಲೆ ಚಕ್ರ ಹತ್ತಿಸಿ, ಮತ್ತೆ ಹೊದಿಸುವ ಕಾರುಗಳು ನನಗೆ ಗೊತ್ತು. ಇದು ಹೂಡಿಕೆ ಎಂದು ಮಾಲೀಕರೇ ಊರೆಲ್ಲ ಹೇಳಿಕೊಂಡು ಬಂದಿದ್ದರೆ, ನಾಳೆ ಅಧಿಕಾರಿ ಅದೇ ಮಾತನ್ನು ಹಿಡಿದು ಲಾಭದ ಮೇಲೆ ತೆರಿಗೆ ಕೇಳಿದರೆ ವಾದಿಸುವುದು ನನಗೆ ಕಷ್ಟ. ಪೆಟ್ರೋಲಿನ ಬಿಲ್ಲು, ಘಾಟಿಯ ಟೋಲ್ ರಸೀದಿ, ಸರ್ವಿಸ್ ಪುಸ್ತಕದಲ್ಲಿ ಏರುವ ಕಿಲೋಮೀಟರು ನನ್ನ ಕೈಯಲ್ಲಿದ್ದರೆ ಮಾತೇ ಬೇರೆ. ಕಂಪನಿಯ ಹೆಸರಲ್ಲಿ ಕೊಂಡು ಸವಕಳಿಯನ್ನು ಖರ್ಚೆಂದು ತೋರಿಸಿದವರಿಗೆ ಈ ಅನುಕೂಲ ಇಲ್ಲವೇ ಇಲ್ಲ. ಅವರ ಲೆಕ್ಕ ಬೇರೆಯೇ ಒಂದು ಅಂಕಣ.

ನಿಲ್ಲಿಸಿದ ಕಾರು ಹಾಗೇ ಇರುತ್ತದೆ ಎಂಬ ಭ್ರಮೆಯೂ ಇದೆ. ನನ್ನ ತಾಯಿ ಮದುವೆಯ ಜರಿ ಸೀರೆಯನ್ನು ನಲವತ್ತು ವರ್ಷ ಒಂದೇ ಮಡಿಕೆಯಲ್ಲಿ ಇಟ್ಟಿದ್ದರು. ಬಿಚ್ಚಿದಾಗ ಮಡಿಕೆಯ ಗೆರೆಗುಂಟ ಹರಿಯಿತು. ಕಾರಿನಲ್ಲಿ ಒಣಗುವುದು ರಬ್ಬರ್ ಸೀಲು, ಹಾಳಾಗುವುದು ಟ್ಯಾಂಕಿನಲ್ಲಿ ನಿಂತ ಎಥನಾಲ್ ಬೆರೆತ ಪೆಟ್ರೋಲು. ಫೆರಾರಿ ಎಫ್40ಯ ರಬ್ಬರ್ ಇಂಧನ ಚೀಲಗಳನ್ನು ಓಡಲಿ ಬಿಡಲಿ ಹತ್ತು ವರ್ಷಕ್ಕೊಮ್ಮೆ ಬದಲಿಸಬೇಕು. ಎಫ್355ರ ಟೈಮಿಂಗ್ ಬೆಲ್ಟ್ ಬದಲಿಸಲು ಎಂಜಿನ್ನನ್ನೇ ಹೊರಗೆ ಇಳಿಸಬೇಕು. ಇನ್ನು ನಮ್ಮ ಊರಿನ ನೆಲಮಾಳಿಗೆಗಳು ಎಷ್ಟು ಸುರಕ್ಷಿತ ಎಂಬುದನ್ನು 2022ರ ಸೆಪ್ಟೆಂಬರಿನಲ್ಲಿ ಮಳೆನೀರು ನುಗ್ಗಿದಾಗ ಯಮಲೂರಿನವರು ನೋಡಿದ್ದಾರೆ.

ನಮ್ಮ ಗ್ರಾಹಕರು ಎಲ್ಲವನ್ನೂ ಕೇಳಿದರು. ನಾನು ಮಾರಿ ಎಂದೂ ಹೇಳಲಿಲ್ಲ, ಇಟ್ಟುಕೊಳ್ಳಿ ಎಂದೂ ಹೇಳಲಿಲ್ಲ. ಹೂಡಿಕೆಯ ಪಟ್ಟಿಯಿಂದ ಅದನ್ನು ತೆಗೆದು ಖರ್ಚಿನ ಪಟ್ಟಿಗೆ ಬರೆದುಕೊಳ್ಳಿ, ಆಮೇಲೂ ಬೇಕು ಅನ್ನಿಸಿದರೆ ಇಟ್ಟುಕೊಳ್ಳಿ ಎಂದೆ. ಅವರ ರಿಟರ್ನಿನ ಆಸ್ತಿ ವಿವರದ ಅನುಸೂಚಿಯಲ್ಲಿ ವಾಹನಗಳಿಗೆ ಒಂದು ಸಾಲಿದೆ. ಅಲ್ಲಿ 2.60 ಕೋಟಿ ಎಂದು ಬರೆದೆ. ಈಗಿನ ಬೆಲೆ ಎಲ್ಲಿ ಬರೆಯುತ್ತೀರಿ ಎಂದು ಇಣುಕಿದರು. ಅದಕ್ಕೆ ಅಲ್ಲಿ ಕಾಲಮ್ಮು ಇಲ್ಲ, ಕೊಂಡ ಬೆಲೆ ಮಾತ್ರ ಎಂದೆ. ಸ್ವಲ್ಪ ಹೊತ್ತು ಆ ಸಾಲನ್ನೇ ನೋಡಿದರು. ಆಮೇಲೆ ಮೊಬೈಲ್ ತೆಗೆದು, ಜೆ.ಸಿ. ರಸ್ತೆಯ ಕಡೆ ಒಳ್ಳೆಯ ಬ್ಯಾಟರಿ ಅಂಗಡಿ ಯಾವುದಿದೆ ಎಂದು ಕೇಳಿದರು.