ಚಂದ್ರನ ಸುತ್ತ ಸುತ್ತಿದ ಡಾರ್ಕ್‌ರೂಮ್

1966ರ ಆಗಸ್ಟ್ 10ರಂದು ಕೇಪ್ ಕೆನಡಿಯಿಂದ ಹಾರಿದ, ಚಂದ್ರನನ್ನು ಸುತ್ತುತ್ತ ಚಿತ್ರ ತೆಗೆಯುವ ನಾಸಾದ ನೌಕೆ ಲೂನಾರ್ ಆರ್ಬಿಟರ್-1ರ ತೂಕ ಸುಮಾರು 386 ಕಿಲೋ. ಮನುಷ್ಯರನ್ನು ಹೊತ್ತ ಅಪೊಲೊ ನೌಕೆ ಚಂದ್ರನ ಮೇಲೆ ಇಳಿಯಲು ತಕ್ಕ ಜಾಗ ಹುಡುಕುವುದು ಅದರ ಕೆಲಸ. ಅದಕ್ಕೆ ಒಂದು ಮೀಟರಿನ ಬಂಡೆಯೂ ಕಾಣಬೇಕಿತ್ತು. ಅಷ್ಟು ಸೂಕ್ಷ್ಮವಾಗಿ, ಅಷ್ಟು ವಿಶಾಲವಾದ ನೆಲವನ್ನು ಹಿಡಿಯಲು ಆಗ ಫಿಲಂ ಒಂದೇ ದಾರಿ. ಆದರೆ ಆ ಫಿಲಂ ಭೂಮಿಗೆ ಮರಳುವಂತಿರಲಿಲ್ಲ. ಫಿಲಂ ತೊಳೆದು ಚಿತ್ರ ಮೂಡಿಸುವ ಡಾರ್ಕ್‌ರೂಮ್ ಕೆಲಸವೂ ನೌಕೆಯೊಳಗೇ ಆಗಬೇಕು.

ಮೊದಲ ತೊಡಕು ವಿಕಿರಣದ್ದು. ವೇಗದ ಫಿಲಂ, ಅಂದರೆ ಕಡಿಮೆ ಬೆಳಕಿಗೂ ಚಿತ್ರ ಮೂಡುವ ಫಿಲಂ, ಹಾಕಿದರೆ ಬಾಹ್ಯಾಕಾಶದ ಕಣಗಳಿಂದಲೇ ಮಂಕಾಗಿಬಿಡುತ್ತದೆ. ಹಾಗಾಗಿ ಕೊಡಾಕ್‌ನವರು 70 ಮಿ.ಮೀ. ಅಗಲದ, ಬಹಳ ನಿಧಾನದ ಫಿಲಂ ಹಾಕಿದರು. ನಿಧಾನದ ಫಿಲಂಗೆ ಬೆಳಕು ಹೆಚ್ಚು ಹೊತ್ತು ಬೇಕು. ಶಟರ್ 1/25 ಸೆಕೆಂಡಿನವರೆಗೂ ತೆರೆದಿರಬೇಕು.

ಈಗ ಲೆಕ್ಕ ಹಾಕಿ. 46 ಕಿ.ಮೀ. ಎತ್ತರದಲ್ಲಿ ನೌಕೆಯ ಕೆಳಗೆ ನೆಲ ಸೆಕೆಂಡಿಗೆ ಸುಮಾರು 1.9 ಕಿ.ಮೀ. ಸರಿಯುತ್ತದೆ. 1/25 ಸೆಕೆಂಡಿನಲ್ಲಿ ಅದು 75 ಮೀಟರ್. 610 ಮಿ.ಮೀ. ಲೆನ್ಸಿನಡಿ ಫಿಲಂ ಮೇಲೆ ಬಿಂಬ ಸರಿಯುವುದು ಹತ್ತಿರ ಹತ್ತಿರ 1 ಮಿ.ಮೀ. ಒಂದು ಮೀಟರಿನ ಬಂಡೆಯೋ, ಅದೇ ಫಿಲಂ ಮೇಲೆ ಬರೀ 0.013 ಮಿ.ಮೀ.! ಆದ್ದರಿಂದ ಫಿಲಂ ಹಿಡಿದ ತಟ್ಟೆಯೇ ಬಿಂಬದ ಜೊತೆಜೊತೆಗೆ ಸರಿಯಬೇಕು. ಎಷ್ಟು ವೇಗದಲ್ಲಿ ಎಂಬುದನ್ನು ಎತ್ತರಕ್ಕೂ ವೇಗಕ್ಕೂ ಇರುವ ಅನುಪಾತ ಅಳೆಯುವ ಸಂವೇದಕ ಹೇಳುತ್ತಿತ್ತು.

ಎಡವಿದ್ದು ಇಲ್ಲೇ. 610 ಮಿ.ಮೀ. ಲೆನ್ಸಿನ ಶಟರ್ ತಟ್ಟೆಯ ಚಲನೆಗೆ ಹೊಂದದೆ, ತಪ್ಪು ಗಳಿಗೆಯಲ್ಲಿ ತೆರೆದುಕೊಳ್ಳತೊಡಗಿತು. ಕೆಳ ಎತ್ತರದಿಂದ ತೆಗೆದ ಸೂಕ್ಷ್ಮ ಚಿತ್ರಗಳು ಉಜ್ಜಿದಂತೆ ಬಂದವು. ಪಕ್ಕದ 80 ಮಿ.ಮೀ. ಲೆನ್ಸಿಗೆ ಬೇರೆಯೇ ಶಟರ್ ಇದ್ದುದರಿಂದ ಅದರ ಚಿತ್ರಗಳು ಉಳಿದವು. ಎತ್ತರದಲ್ಲಿ ಬಿಂಬ ಸರಿಯುವುದೇ ಕಡಿಮೆ; ಆಗಸ್ಟ್ 23ರಂದು ಚಂದ್ರನ ಅಂಚಿನಾಚೆ ಕಂಡ ಭೂಮಿಯ ಚಿತ್ರ ಅದರಿಂದಲೇ ಅಷ್ಟು ಚೊಕ್ಕವಾಗಿದೆ.

ತೊಳೆಯುವ ವಿಧಾನವಂತೂ ನನಗೆ ಬಹಳ ಮೆಚ್ಚುಗೆಯಾದದ್ದು. ತೂಕವಿಲ್ಲದ ಕಡೆ ಟ್ರೇನಲ್ಲಿ ದ್ರಾವಣ ನಿಲ್ಲುವುದಿಲ್ಲ. ಚಿತ್ರ ಮೂಡಿಸುವ ಡೆವಲಪರ್, ಅದನ್ನು ಅಳಿಯದಂತೆ ನಿಲ್ಲಿಸುವ ಫಿಕ್ಸರ್ ಎರಡನ್ನೂ ಹೀರಿಕೊಂಡ ಒದ್ದೆ ಪಟ್ಟಿಯನ್ನು, ಬೈಮ್ಯಾಟ್ ಎಂಬುದನ್ನು, ಫಿಲಂ ಮೇಲೆ ಮೂರೂವರೆ ನಿಮಿಷದಷ್ಟು ಒತ್ತಿ ಹಿಡಿದು ಬಿಡಿಸಿದರಾಯಿತು, ನೆಗೆಟಿವ್ ಸಿದ್ಧ. ಆಮೇಲೆ ಬೆಚ್ಚಗಿನ ಉರುಳೆಯ ಮೇಲೆ ಒಣಗುತ್ತದೆ. ಫಿಲಂ ಸರಿಯದೆ ಹೆಚ್ಚು ಹೊತ್ತು ನಿಂತರೆ ಬೈಮ್ಯಾಟ್ ಪಟ್ಟಿ ಒಣಗಿ ಕಲೆ ಬೀಳುತ್ತಿತ್ತು. ಹಾಗಾಗಿ ತೆಗೆಯಲು ಏನೂ ಇಲ್ಲದಿದ್ದರೂ ಆಗಾಗ ಒಂದೊಂದು ಚಿತ್ರ ತೆಗೆದು ಫಿಲಂ ಮುಂದೆ ಸರಿಸುತ್ತಿದ್ದರು.

ಒಣಗಿದ ನೆಗೆಟಿವನ್ನು ಸಣ್ಣ ಬೆಳಕಿನ ಚುಕ್ಕೆಯೊಂದು 2.54 ಮಿ.ಮೀ. ಅಗಲದ ಪಟ್ಟಿಗಳಾಗಿ ಓದಿ ರೇಡಿಯೊದಲ್ಲಿ ಕಳಿಸುತ್ತಿತ್ತು. ಪಟ್ಟಿಗೆ ಸುಮಾರು 22 ಸೆಕೆಂಡು. ಎರಡೂ ಲೆನ್ಸಿನ ಒಂದು ಜೋಡಿ ಚಿತ್ರಕ್ಕೆ 40 ನಿಮಿಷಕ್ಕೂ ಹೆಚ್ಚು. ಭೂಮಿಯಲ್ಲಿ ಅವನ್ನು ಸಾಲಾಗಿ ಜೋಡಿಸುತ್ತಿದ್ದರು. ಆರ್ಬಿಟರ್ ಚಿತ್ರಗಳಲ್ಲಿ ಸಮಾನಾಂತರ ಗೆರೆಗಳು ಕಂಡರೆ ಅವು ಈ ಪಟ್ಟಿಗಳ ಅಂಚು. ಕುಳಿಯ ನೆರಳಿನ ದಿಕ್ಕಿಗೆ ಹೊಂದದ ಗುಳ್ಳೆ, ಜಾಲರಿಯಂಥ ಮಚ್ಚೆ ಕಂಡರೆ ಅಳೆಯಲು ಹೋಗಬೇಡಿ. ಅದು ಬೈಮ್ಯಾಟ್ ಸರಿಯಾಗಿ ಅಂಟದ ಜಾಗ.