ಹಾಲು ಒಡೆಯುವುದು ಕೊಟ್ಟಿಗೆಯಲ್ಲಿ

ಹಳ್ಳಿಯ ಡೈರಿಯಲ್ಲಿ ಹಾಲು ಅಳೆಯುವವರನ್ನು ಕೇಳಿ ನೋಡಿ. ಏಪ್ರಿಲ್ ತಿಂಗಳ ಸಂಜೆ ಹಾಲೆಂದರೆ ಅವರಿಗೆ ಒಳಗೊಳಗೇ ದಿಗಿಲು. ಹಾಲು ನೋಡಲು ಬೆಳ್ಳಗಿರುತ್ತದೆ, ಮೂಗಿಗೆ ಹುಳಿ ಬಡಿಯುವುದಿಲ್ಲ, ಹಾಲಿನ ಸಾಂದ್ರತೆ ಅಳೆಯುವ ಲ್ಯಾಕ್ಟೋಮೀಟರ್ ಸರಿಯಾದ ಡಿಗ್ರಿ ತೋರಿಸುತ್ತದೆ. ಆದರೂ ಒಂದಿಷ್ಟನ್ನು ಗಾಜಿನ ನಳಿಕೆಗೆ ಹಾಕಿ ಕುದಿಯುವ ನೀರಿನಲ್ಲಿ ಇಳಿಬಿಟ್ಟರೆ ಗೋಡೆಗೆ ಬಿಳಿ ಹರಳು ಹತ್ತುತ್ತದೆ. ಅಲ್ಲಿಗೆ ಆ ಕ್ಯಾನಿನ 40 ಲೀಟರಿನ ಕಥೆ ಮುಗಿಯಿತು.

ತಾಜಾ ಹಾಲು ಹೆಚ್ಚುಕಡಿಮೆ ತಟಸ್ಥ ದ್ರವ, ಹುಳಿ ಏರಿದಂತೆ ಇಳಿಯುವ ಪಿಎಚ್ ಎಂಬ ಅಳತೆಯಲ್ಲಿ ಸುಮಾರು 6.7. ಕೇಸಿನ್ ಎಂಬ ಪ್ರೋಟೀನು ಸಣ್ಣ ಸಣ್ಣ ಉಂಡೆಗಳಾಗಿ, ಒಂದಕ್ಕೊಂದು ಅಂಟದೆ ಅದರಲ್ಲಿ ತೇಲುತ್ತಿರುತ್ತದೆ. ಬ್ಯಾಕ್ಟೀರಿಯಾ ಹಾಲಿನ ಸಕ್ಕರೆಯನ್ನು ತಿಂದು ಲ್ಯಾಕ್ಟಿಕ್ ಆಮ್ಲ ಬಿಟ್ಟಂತೆ ಈ ಉಂಡೆಗಳ ನಡುವಿನ ಬಿಗುಮಾನ ಸಡಿಲವಾಗುತ್ತದೆ. ಪಿಎಚ್ 4.6ಕ್ಕೆ ಇಳಿದರೆ ಬೆಂಕಿಯೇ ಬೇಡ, ಹಾಲು ತಾನಾಗಿ ಗಟ್ಟಿಯಾಗುತ್ತದೆ. ಮನೆಯ ಮೊಸರು ಆಗುವುದೂ ಹೀಗೆಯೇ. ತೊಂದರೆ ಇರುವುದು ಇವೆರಡರ ನಡುವಿನ ದಾರಿಯಲ್ಲಿ. ಅರ್ಧ ಹುಳಿತ ಹಾಲು ತಣ್ಣಗಿರುವಾಗ ಸಂಭಾವಿತನಂತೆ ಕೂತಿರುತ್ತದೆ, ಕಾಯಿಸಿದ ಕೂಡಲೇ ಒಡೆಯುತ್ತದೆ. ಹಾಲನ್ನು ಕಾಯಿಸದೆ ಪಾಶ್ಚರೀಕರಿಸುವಂತಿಲ್ಲ, ಪುಡಿ ಮಾಡುವಂತಿಲ್ಲ. ಹಾಗಾಗಿ ಅಂಥ ಹಾಲು ಡೈರಿಗೆ ಬೇಡದ ಹಾಲು.

ಈ ಬ್ಯಾಕ್ಟೀರಿಯಾ ಬಂದದ್ದೆಲ್ಲಿಂದ? ಆರೋಗ್ಯವಂತ ಹಸುವಿನ ಕೆಚ್ಚಲಿನಿಂದ ಇಳಿಯುವಾಗ ಹಾಲಿನಲ್ಲಿ ಅವುಗಳ ಸಂಖ್ಯೆ ತೀರಾ ಕಡಿಮೆ. ಉಳಿದದ್ದೆಲ್ಲ ಕೆಚ್ಚಲಿನಿಂದ ಕ್ಯಾನಿಗೆ ಹೋಗುವ ಹಾದಿಯಲ್ಲಿ ಸೇರಿಕೊಂಡದ್ದು. ಹಸು ಮಲಗಿದ್ದ ನೆಲದ ಸಗಣಿ ಗಂಜಲ, ಬೀಸಿದ ಬಾಲ, ಕರೆಯುವವರ ಬೆರಳು, ನಿನ್ನೆಯ ಪಾತ್ರೆ. ಕೆಚ್ಚಲು ತೊಳೆಯಿರಿ ಎಂದು ಎಲ್ಲರೂ ಹೇಳುತ್ತಾರೆ, ಒರೆಸಿ ಒಣಗಿಸಿ ಎಂದು ಹೇಳುವವರು ಕಡಿಮೆ. ತೊಳೆದು ಹಾಗೇ ಬಿಟ್ಟರೆ ಮೇಲಿನ ಕೊಳೆಯೆಲ್ಲ ನೀರಿನ ಜೊತೆ ಜಾರಿ ಮೊಲೆತೊಟ್ಟಿನ ತುದಿಯಿಂದ ತಂಬಿಗೆಗೇ ತೊಟ್ಟಿಕ್ಕುತ್ತದೆ. ಅದಕ್ಕಿಂತ ತೊಳೆಯದಿದ್ದರೇ ವಾಸಿ ಎನ್ನಿಸುವಷ್ಟು. ತೊಟ್ಟು ನುಣ್ಣಗಾಗಲೆಂದು ಬೆರಳನ್ನು ಹಾಲಿಗೇ ಅದ್ದಿ ಕರೆಯುವ ರೂಢಿ ಬಿಟ್ಟುಹೋದರಂತೂ ಅರ್ಧ ಯುದ್ಧ ಗೆದ್ದಂತೆ.

ಪ್ರತಿ ತೊಟ್ಟಿನ ಮೊದಲ ಮೂರು ನಾಲ್ಕು ಧಾರೆಯನ್ನು ಬೇರೆ ಬಟ್ಟಲಿಗೆ ಬಿಡಬೇಕು. ತೊಟ್ಟಿನ ನಾಳದಲ್ಲಿ ಸೇರಿಕೊಂಡ ಬ್ಯಾಕ್ಟೀರಿಯಾ ಆ ಧಾರೆಯಲ್ಲಿ ಹೊರಬೀಳುತ್ತದೆ. ಬಟ್ಟಲಿನಲ್ಲಿ ಗರಣೆಯೋ ನೀರು ನೀರಾದ ಹಾಲೋ ಕಂಡರೆ ಕೆಚ್ಚಲು ಬಾವು ಶುರುವಾಗಿದೆ ಎಂದರ್ಥ. ಕಣ್ಣಿಗೆ ಕಾಣದ ಬಾವನ್ನು ಹಿಡಿಯಲು ಇನ್ನೊಂದು ಸುಲಭ ಉಪಾಯವಿದೆ, ಅದು ನನಗೆ ಬಹಳ ಇಷ್ಟ. ಬಟ್ಟೆ ಒಗೆಯುವ ಪುಡಿಯನ್ನು ನೀರಿನಲ್ಲಿ ಕದಡಿ ಹಾಲಿಗೆ ಸಮನಾಗಿ ಬೆರೆಸಿ ಅಲ್ಲಾಡಿಸುವುದು. ಬಾವಿದ್ದರೆ ಹಾಲು ಲೋಳೆಯಂತಾಗುತ್ತದೆ. ಸೋಂಕಿನ ವಿರುದ್ಧ ಹೋರಾಡಲು ಬಂದ ಬಿಳಿ ರಕ್ತಕಣಗಳನ್ನು ಸಾಬೂನು ಒಡೆಯುತ್ತದೆ, ಅವುಗಳ ಒಳಗಿನ ಡಿಎನ್‌ಎ ಎಳೆಗಳು ಹೊರಬಿದ್ದು ಗೋಜಲಾಗುತ್ತವೆ. ಆ ಲೋಳೆ ಎಂದರೆ ಅದೇ. ಕರೆದು ಮುಗಿದ ಮೇಲೆ ತೊಟ್ಟಿನ ಬಾಯಿ ಸುಮಾರು ಅರ್ಧ ಗಂಟೆ ತೆರೆದೇ ಇರುತ್ತದೆ. ಆಗ ಮುಂದೆ ಒಂದು ಹೊರೆ ಹುಲ್ಲು ಹಾಕಿದರೆ ಹಸು ನಿಂತೇ ಮೇಯುತ್ತದೆ, ತೊಟ್ಟು ಸಗಣಿಗೆ ತಾಗುವುದಿಲ್ಲ. ಒಂದು ಪೈಸೆ ಖರ್ಚಿಲ್ಲದ ಔಷಧಿ.

ಇನ್ನು ಪಾತ್ರೆ. ಹಾಲು ಸುರಿದ ಮೇಲೆ ನೇರವಾಗಿ ಬಿಸಿನೀರು ಹಾಕುವವರು ಒಳ್ಳೆಯದೇ ಮಾಡುತ್ತಿದ್ದೇವೆ ಎಂದುಕೊಂಡಿರುತ್ತಾರೆ. ಬಿಸಿ ತಾಗಿದ ಪ್ರೋಟೀನು ಗೋಡೆಗೆ ಬೆಂದು ಅಂಟಿಕೊಳ್ಳುತ್ತದೆ, ಅದರ ಮೇಲೆ ಕ್ಯಾಲ್ಸಿಯಂ ಕೂತು ಕಲ್ಲಿನಂಥ ಪದರವಾಗುತ್ತದೆ, ಆ ಪದರದಡಿಯಲ್ಲಿ ಬ್ಯಾಕ್ಟೀರಿಯಾ ಮನೆ ಮಾಡುತ್ತದೆ. ಮೊದಲು ತಣ್ಣೀರು, ಆಮೇಲೆ ಬಿಸಿನೀರು ಸೋಪು, ಮತ್ತೆ ನೀರು. ಬೂದಿ, ಇಟ್ಟಿಗೆ ಪುಡಿ ಹಾಕಿ ಉಜ್ಜಿದರೆ ಅಲ್ಯೂಮಿನಿಯಂ ಕ್ಯಾನಿನಲ್ಲಿ ಗೀರು ಬೀಳುತ್ತದೆ, ಮುಂದೆ ಯಾವ ಬ್ರಷ್ಷೂ ಆ ಗೀರಿನೊಳಕ್ಕೆ ಹೋಗದು. ಕೊನೆಗೆ ಬೋರಲು ಹಾಕಿ ಒಣಗಿಸಬೇಕು. ತಳದಲ್ಲಿ ರಾತ್ರಿಯೆಲ್ಲ ಉಳಿದ ಒಂದು ಚಮಚ ನೀರು ಬೆಳಗಿನ ಹಾಲಿಗೆ ಹಾಕಿದ ಹೆಪ್ಪಿನಂತೆ.

ಈ ಎಲ್ಲ ಕೆಲಸ ಮಾಡುವುದು ಬಹುಪಾಲು ಹೆಂಗಸರು. ಆದರೆ ಅನೇಕ ಕಡೆ ಸಂಘದ ಸದಸ್ಯ ಮನೆಯ ಗಂಡಸು, ಶುದ್ಧ ಹಾಲಿನ ತರಬೇತಿಗೆ ಹೋಗಿ ಕೂರುವವನೂ ಅವನೇ. ಪಾಠ ಒಬ್ಬರಿಗೆ, ಪರೀಕ್ಷೆ ಇನ್ನೊಬ್ಬರಿಗೆ.

ಬಂದ ಕೊಳೆಗಿಂತ ದೊಡ್ಡ ಶತ್ರು ಹೊತ್ತು. ಹಾಲು ಹಸುವಿನ ಮೈಬಿಸಿಯಲ್ಲೇ, ಸುಮಾರು 38 ಡಿಗ್ರಿಯಲ್ಲಿ ಹೊರಬರುತ್ತದೆ. ಆ ಬಿಸಿಯಲ್ಲಿ ಬ್ಯಾಕ್ಟೀರಿಯಾ ಅರ್ಧ ಗಂಟೆಗೊಮ್ಮೆ ಇಮ್ಮಡಿಯಾಗುತ್ತದೆ ಎಂದಿಟ್ಟುಕೊಂಡರೆ, ನಾಲ್ಕು ಗಂಟೆಯಲ್ಲಿ ಒಂದು ಇದ್ದದ್ದು 256. ಮಿಲಿಲೀಟರಿಗೆ 10,000 ಇದ್ದ ಶುಚಿ ಹಾಲು 25 ಲಕ್ಷ ದಾಟಿದರೆ, ಒಂದು ಲಕ್ಷದಿಂದ ಹೊರಟ ಹಾಲು ಎರಡೂವರೆ ಕೋಟಿ ದಾಟುತ್ತದೆ. ಪುಣ್ಯಕ್ಕೆ ಹಾಲಿನಲ್ಲೇ ಒಂದು ಕಾವಲಿದೆ. ಲ್ಯಾಕ್ಟೋಪೆರಾಕ್ಸಿಡೇಸ್ ಎಂಬ ಕಿಣ್ವ ಮೊದಲ ಎರಡು ಮೂರು ಗಂಟೆ ಬ್ಯಾಕ್ಟೀರಿಯಾದ ಕೈ ಕಟ್ಟಿಹಾಕುತ್ತದೆ. ತಣ್ಣಗಾಗಿಸುವ ದಾರಿಯೇ ಇಲ್ಲದ ಊರುಗಳಲ್ಲಿ ಅತ್ಯಲ್ಪ ಪ್ರಮಾಣದ ಥಯೊಸಯನೇಟ್ ಮತ್ತು ಪರ್‌ಕಾರ್ಬೊನೇಟ್ ಎಂಬ ಲವಣಗಳನ್ನು ಹಾಕಿ ಈ ಕಾವಲಿನ ಅವಧಿ ಹಿಗ್ಗಿಸಬಹುದೆಂದು, ಆಹಾರಕ್ಕೆ ಅಂತರರಾಷ್ಟ್ರೀಯ ಮಾನದಂಡ ಗೊತ್ತುಮಾಡುವ ಕೋಡೆಕ್ಸ್ ಸಂಸ್ಥೆ 1991ರಲ್ಲಿ ಮಾರ್ಗಸೂಚಿಯನ್ನೂ ಕೊಟ್ಟಿತು.

ಕರ್ನಾಟಕ ಹಿಡಿದ ದಾರಿ ಬೇರೆ. 1974ರಲ್ಲಿ ವಿಶ್ವಬ್ಯಾಂಕ್ ನೆರವಿನಿಂದ ಶುರುವಾಗಿ, ಮುಂದೆ ಕೆಎಂಎಫ್ ಆದ ಸಹಕಾರಿ ಜಾಲದಲ್ಲಿ ಮೊದಲು ಹಾಲು ಕ್ಯಾನುಗಳಲ್ಲಿ ಲಾರಿ ಹತ್ತಿ ದೂರದ ಶೀತಲೀಕರಣ ಕೇಂದ್ರಕ್ಕೆ ಹೋಗುತ್ತಿತ್ತು. ಈಗ ಅನೇಕ ಹಳ್ಳಿಗಳಲ್ಲಿ ಬಿಎಂಸಿ, ಅಂದರೆ ಹಾಲನ್ನು ಅಲ್ಲೇ 4 ಡಿಗ್ರಿಗೆ ಇಳಿಸುವ ದೊಡ್ಡ ತೊಟ್ಟಿ. ಇದು ದೊಡ್ಡ ಬದಲಾವಣೆ, ಅನುಮಾನವಿಲ್ಲ. ಆದರೆ ತಣ್ಣಗಾಗಿಸಿದರೆ ಕೊಳೆ ಹೋಗುವುದಿಲ್ಲ, ನಿದ್ದೆ ಹೋಗುತ್ತದೆ ಅಷ್ಟೆ. ನಿದ್ದೆ ಹೋಗದವೂ ಇವೆ. ಸ್ಯೂಡೊಮೊನಾಸ್ ಜಾತಿಯ ಬ್ಯಾಕ್ಟೀರಿಯಾ ಚಳಿಯಲ್ಲೇ ನಿಧಾನಕ್ಕೆ ಬೆಳೆದು ಕಿಣ್ವಗಳನ್ನು ಬಿಡುತ್ತದೆ. ಪಾಶ್ಚರೀಕರಣದಲ್ಲಿ, 72 ಡಿಗ್ರಿಯಲ್ಲಿ 15 ಸೆಕೆಂಡು ಕಾದಾಗ, ಬ್ಯಾಕ್ಟೀರಿಯಾ ಸಾಯುತ್ತದೆ; ಅದು ಬಿಟ್ಟ ಕಿಣ್ವ ಸಾಯುವುದಿಲ್ಲ. ತಿಂಗಳುಗಟ್ಟಲೆ ಇಡುವ ಹಾಲು ಕೆಲವೊಮ್ಮೆ ಕಹಿಯಾಗುವುದು ಇದರಿಂದಲೇ.

ನಮ್ಮಲ್ಲಿ ಹಾಲಿನ ಗುಣಮಟ್ಟ ಎಂದರೆ ಕಲಬೆರಕೆಯ ಮಾತು. ಯೂರಿಯಾ ಹಾಲು, ಸೋಪಿನ ಹಾಲು ಎಂಬ ವಿಡಿಯೊಗಳಿಗೆ ಬರವಿಲ್ಲ. ಆಹಾರ ಸುರಕ್ಷತಾ ಪ್ರಾಧಿಕಾರ 2018ರಲ್ಲಿ ದೇಶದಾದ್ಯಂತ 6,432 ಮಾದರಿಗಳನ್ನು ಪರೀಕ್ಷಿಸಿದಾಗ ಕುಡಿಯಲು ಅಪಾಯವಾಗುವಂಥ ಕಲಬೆರಕೆ ಸಿಕ್ಕಿದ್ದು 12ರಲ್ಲಿ. ಅಫ್ಲಟಾಕ್ಸಿನ್ ಎಂ1 ಮಿತಿ ಮೀರಿದ್ದು 368ರಲ್ಲಿ, ಆಂಟಿಬಯೊಟಿಕ್ 77ರಲ್ಲಿ. ಅಫ್ಲಟಾಕ್ಸಿನ್ ಬೂಷ್ಟಿನ ವಿಷ. ಒದ್ದೆ ನೆಲದ ಮೇಲಿಟ್ಟ ಕಡಲೆಕಾಯಿ ಹಿಂಡಿಯ ಚೀಲದಲ್ಲಿ ಹುಟ್ಟಿ, ಹಸುವಿನ ಹೊಟ್ಟೆ ಹೊಕ್ಕು, ರೂಪ ಬದಲಿಸಿ ಹಾಲಿಗೆ ಬರುತ್ತದೆ. ಎಷ್ಟು ಉಕ್ಕಿಸಿದರೂ ಹೋಗುವುದಿಲ್ಲ. ಆಂಟಿಬಯೊಟಿಕ್ ಬರುವುದು ಕೆಚ್ಚಲು ಬಾವಿಗೆಂದು ಚುಚ್ಚಿದ ಔಷಧಿಯಿಂದ, ವೈದ್ಯರು ಹೇಳಿದಷ್ಟು ದಿನ ಹಾಲನ್ನು ಬೇರೆ ಇಡದಿದ್ದರೆ. ಹೆಪ್ಪು ಹಾಕಿದ ಹಾಲು ಬೆಳಗಾದರೂ ಮೊಸರಾಗದಿದ್ದಾಗ ಇದೂ ಒಂದು ಕಾರಣವಿರಬಹುದು. ಹೆಪ್ಪಿನ ಜೀವಿಗಳೇ ಸತ್ತಿರುತ್ತವೆ. ಹಾಗೆಂದು ಕಲಬೆರಕೆಯೇ ಇಲ್ಲವೆಂದಲ್ಲ. ಹುಳಿ ತಿರುಗುವ ಹಾಲಿಗೆ ಅಡುಗೆ ಸೋಡಾ ಬೀಳುವುದುಂಟು. ಅದು ಮೋಸವೇ. ಆದರೆ ಕೊಳೆ ಮತ್ತು ಹೊತ್ತು ಸೇರಿ ಹುಟ್ಟಿಸಿದ ಮೋಸ.

ಇಷ್ಟೆಲ್ಲ ಗೊತ್ತಿದ್ದೂ ಹಾಲು ಯಾಕೆ ಸುಧಾರಿಸುವುದು ನಿಧಾನ? ರೈತರಿಗೆ ತಿಳಿವಳಿಕೆ ಇಲ್ಲ ಎಂಬ ಉತ್ತರ ಸಿದ್ಧವಿರುತ್ತದೆ. ನಾನು ಅದನ್ನು ಒಪ್ಪುವುದಿಲ್ಲ. ಡೈರಿಯ ಯಂತ್ರ ಒಂದು ನಿಮಿಷದೊಳಗೆ ಫ್ಯಾಟ್ ಮತ್ತು ಎಸ್‌ಎನ್‌ಎಫ್, ಅಂದರೆ ಜಿಡ್ಡು ಮತ್ತು ಜಿಡ್ಡು ಬಿಟ್ಟು ಉಳಿದ ಘನಾಂಶ, ಎಷ್ಟೆಂದು ಹೇಳುತ್ತದೆ, ದರ ಅದರ ಮೇಲೆ. ಸರ್ಕಾರದ ಪ್ರೋತ್ಸಾಹಧನ ಲೀಟರಿನ ಲೆಕ್ಕ. ಹಾಗಾಗಿ ರೈತರು ಫ್ಯಾಟ್ ಕೊಡುತ್ತಾರೆ, ಲೀಟರು ಕೊಡುತ್ತಾರೆ. ಶುಚಿಯನ್ನು ಅಳೆಯುವ ಹಳೆಯ ಸರಳ ಪರೀಕ್ಷೆ ಮೆಥಿಲೀನ್ ಬ್ಲೂ. ಹಾಲಿಗೆ ನೀಲಿ ಬಣ್ಣ ಹಾಕಿ 37 ಡಿಗ್ರಿಯಲ್ಲಿ ಇಟ್ಟರೆ, ಬ್ಯಾಕ್ಟೀರಿಯಾ ಆಮ್ಲಜನಕ ಖಾಲಿ ಮಾಡಿದಂತೆ ನೀಲಿ ಮಾಯವಾಗುತ್ತದೆ. ಕೆಟ್ಟ ಹಾಲು ಅರ್ಧ ಗಂಟೆಯೊಳಗೆ ಬೆಳ್ಳಗಾಗುತ್ತದೆ. ಅತ್ಯುತ್ತಮ ಹಾಲಿನ ನೀಲಿ ಐದು ಗಂಟೆ ದಾಟಿದರೂ ಉಳಿಯುತ್ತದೆ. ವಿಪರ್ಯಾಸ ನೋಡಿ, ಹಾಲು ಒಳ್ಳೆಯದಾದಷ್ಟೂ ಅದು ಒಳ್ಳೆಯದೆಂದು ತಿಳಿಯಲು ಹೆಚ್ಚು ಕಾಯಬೇಕು. ಅಷ್ಟರಲ್ಲಿ ಸರದಿಯ ನೂರು ಜನರ ಹಾಲು ಒಂದೇ ತೊಟ್ಟಿಯಲ್ಲಿ ಬೆರೆತು ಲಾರಿ ಹೋಗಿರುತ್ತದೆ. ಕೆಚ್ಚಲು ಒರೆಸಿ, ಕ್ಯಾನು ಬೋರಲು ಹಾಕಿದವಳ ಹಾಲು ಪಕ್ಕದ ಮನೆಯ ಕೊಳೆಯ ಜೊತೆ ಅದೇ ದರಕ್ಕೆ ಹೋಯಿತು.

ಹಾಲು ಬೆರೆತರೂ ಮಾದರಿ ಬೆರೆಯಬೇಕಿಲ್ಲ. ತಿಂಗಳಿಗೆರಡು ಸಲ, ಮುಂಚೆ ಹೇಳದೆ, ಒಬ್ಬೊಬ್ಬರ ಹಾಲಿನಿಂದ 10 ಮಿಲಿಲೀಟರ್ ಬೇರೆ ತೆಗೆದಿಟ್ಟು ನೀಲಿ ಹಾಕಿದರೆ ಸಾಕು. ಫಲಿತಾಂಶ ಮಧ್ಯಾಹ್ನ ಬಂದರೂ ನಡೆಯುತ್ತದೆ, ಬಟವಾಡೆ ಹೇಗೂ ಆಮೇಲೆ. ಆ ನಳಿಕೆಯ ಮೇಲೆ ಬರೆದ ನಂಬರಿಗೆ ಲೀಟರಿಗೊಂದು ರೂಪಾಯಿ ಹೆಚ್ಚು ಬಿದ್ದ ದಿನ, ಕ್ಯಾನು ಬೋರಲು ಹಾಕಿ ಎಂದು ಯಾರೂ ಊರೂರು ತಿರುಗಿ ಹೇಳಬೇಕಾಗಲಾರದು.