ಜ್ವಾಲಾಮುಖಿ ಇಲ್ಲದೆ ಕಾಯುವ ನೀರು

"ಬೆಟ್ಟದ ಸಾಲು ಅರ್ಧಚಂದ್ರದ ಹಾಗೆ ಬಾಗಿದೆ ನೋಡು. ಹಳೇ ಜ್ವಾಲಾಮುಖಿಯ ಬಾಯಿ ಇರಬೇಕು, ಅಲ್ವೇನೇ?"

ಮುಳ್ಳಯ್ಯನಗಿರಿಯ ಮೇಲೆ ನಿಂತು ನಮ್ಮನೆಯವರು ಕೇಳಿದರು. ಈ ಮಾತನ್ನು ಚಿಕ್ಕಮಗಳೂರಿನಲ್ಲಿ ಎಷ್ಟು ಜನ ಹೇಳಿದ್ದಾರೋ ಲೆಕ್ಕವಿಲ್ಲ. ಅಲ್ಲ ರೀ, ಅಲ್ಲ. ಈ ಸಾಲಿನ, ಅಂದರೆ ಚಂದ್ರದ್ರೋಣ ಪರ್ವತದ, ಕಲ್ಲಿನಲ್ಲಿ ಲಾವಾ ಇರುವುದು ನಿಜ. ಅದು ಹರಿದು 250 ಕೋಟಿ ವರ್ಷಕ್ಕೂ ಜಾಸ್ತಿಯಾಯಿತು. ಆಮೇಲೆ ಆ ಕಲ್ಲು ಮಡಚಿಕೊಂಡು, ಸವೆದು ಈ ಆಕಾರಕ್ಕೆ ಬಂದಿದೆ. ಅಂದಿನ ಬಾಯಿಯೂ ಉಳಿದಿಲ್ಲ, ಬಿಸಿಯೂ ಉಳಿದಿಲ್ಲ.

ಹಾಸನದಿಂದ ಬೇಲೂರಿನ ಮೇಲೆ ಎರಡು ದಿನದ ಸುತ್ತಾಟಕ್ಕೆ ಹೊರಟಿದ್ದೆವು. ಮೊದಲು ಬಾಬಾಬುಡನ್‌ಗಿರಿಯ ಗುಹೆ. ಮಾರನೇ ದಿನ ಚಾರ್ಮಾಡಿ ಘಾಟಿ ಇಳಿದು ಪುತ್ತೂರು ತಾಲ್ಲೂಕಿನ ಬೆಂದ್ರು ತೀರ್ಥ ಎಂಬ ಬಿಸಿನೀರಿನ ಬುಗ್ಗೆ.

ದತ್ತಾತ್ರೇಯರನ್ನೂ ದಾದಾ ಹಯಾತರನ್ನೂ ನೆನೆಯುವ ಆ ಗುಹೆ ಇರುವುದು ಜಂಬಿಟ್ಟಿಗೆ ಕಲ್ಲಿನಲ್ಲಿ. ಅದೇ ಕಲ್ಲು ಹೊರಗೆ ರಸ್ತೆ ಬದಿಯಲ್ಲೂ ಸಿಕ್ಕಿತು. ಜೇನುಹಟ್ಟಿಯ ಹಾಗೆ ತೂತು ತೂತು. ಬೆರಳಿನಿಂದ ಉಜ್ಜಿದರೆ ಕುಂಕುಮದಂಥ ಪುಡಿ. ಲಕ್ಷಾಂತರ ವರ್ಷ ಮಳೆ ಸುರಿದು ಕಲ್ಲಿನೊಳಗಿನ ಸಿಲಿಕಾ ಕರಗಿ ಹೋಗುತ್ತದೆ, ಕಬ್ಬಿಣ ಮತ್ತು ಅಲ್ಯೂಮಿನಿಯಂ ಉಳಿಯುತ್ತವೆ. ಮೇಲಿನ ಪದರ ಗಟ್ಟಿ, ಅಡಿಯ ಜೇಡಿ ಮೆತ್ತಗೆ. ಆ ಮೆತ್ತಗಿನ ಭಾಗವನ್ನು ನೀರು ತೊಳೆದುಕೊಂಡು ಹೋದರೆ ಇಂಥ ಕಲ್ಲಿನಲ್ಲಿ ಗುಹೆ ಆಗುತ್ತದೆ. ಮಲಬಾರಿನ ಜನ ಇದೇ ಕಲ್ಲನ್ನು ಇಟ್ಟಿಗೆಯಂತೆ ಕಡಿದು, ಗಾಳಿಗಿಟ್ಟು ಗಟ್ಟಿ ಮಾಡುವುದನ್ನು ಈಸ್ಟ್ ಇಂಡಿಯಾ ಕಂಪನಿಯ ವೈದ್ಯ ಫ್ರಾನ್ಸಿಸ್ ಬುಕಾನನ್ ಕಂಡಿದ್ದ. 1807ರಲ್ಲಿ ಅದಕ್ಕೆ 'ಲ್ಯಾಟರೈಟ್' ಎಂದು ಹೆಸರಿಟ್ಟ. ಲ್ಯಾಟಿನ್‌ನಲ್ಲಿ 'ಲೇಟರ್' ಎಂದರೆ ಇಟ್ಟಿಗೆ. ನಮ್ಮ ಜಂಬಿಟ್ಟಿಗೆಯಲ್ಲೂ ಇಟ್ಟಿಗೆ ಇದೆ, ನೋಡಿ!

ಕೊಟ್ಟಿಗೆಹಾರದಲ್ಲಿ ನೀರುದೋಸೆ ತಿಂದು ಘಾಟಿ ಇಳಿದೆವು. ತುಳುವಿನಲ್ಲಿ ಬೆಂದ್ರ್ ಎಂದರೆ ಬಿಸಿನೀರು. ಸೀರೆ ಹೊಳೆಯ ಪಕ್ಕದಲ್ಲಿ ಕಲ್ಲು ಕಟ್ಟಿದ ಕೊಳ. ಮನೆಯಿಂದ ತಂದಿದ್ದ ಜ್ವರ ನೋಡುವ ಥರ್ಮಾಮೀಟರನ್ನು ಅದ್ದಿದೆ. 37 ಡಿಗ್ರಿ! ನಮ್ಮ ಮೈಯ ಬಿಸಿಯಷ್ಟೇ.

"ಇಲ್ಲಾದರೂ ಕೆಳಗೆ ಜ್ವಾಲಾಮುಖಿ ಇರಬೇಕಲ್ಲ?" ಎಂದರು ಇವರು.

ಬೇಕಿಲ್ಲ. ಆಳಕ್ಕೆ ಹೋದಷ್ಟೂ ನೆಲವೇ ಬಿಸಿ. ಭೂಮಿ ಹುಟ್ಟಿದಾಗಿನ ಕಾವು ಒಂದಿಷ್ಟು, ಬಂಡೆಯೊಳಗಿನ ಯುರೇನಿಯಂ, ಥೋರಿಯಂ, ಪೊಟ್ಯಾಸಿಯಂ ವಿಕಿರಣ ಸೂಸುತ್ತಾ ಕೊಡುವ ಕಾವು ಒಂದಿಷ್ಟು. ಕೋಲಾರದ ಚಿನ್ನದ ಗಣಿಯಲ್ಲಿ 3 ಕಿಲೋಮೀಟರ್ ಕೆಳಗೆ ಬಂಡೆಯೇ 65 ಡಿಗ್ರಿಯ ಆಸುಪಾಸು ಇತ್ತು. ಅಲ್ಲೇನು ಜ್ವಾಲಾಮುಖಿ ಇತ್ತೇ? ಮೇಲಿನ ನೆಲ ಸುಮಾರು 27 ಡಿಗ್ರಿ ಎಂದುಕೊಂಡರೆ, ಕಿಲೋಮೀಟರಿಗೆ 12-13 ಡಿಗ್ರಿ ಏರಿದಂತಾಯಿತು. ಅದೇ ಲೆಕ್ಕ ಇಲ್ಲಿಗೂ ಹಿಡಿದರೆ, ಮಳೆನೀರು ಒಂದು ಕಿಲೋಮೀಟರ್ ಇಳಿದು ಬಂದರೂ 37 ಡಿಗ್ರಿ ಮುಟ್ಟುತ್ತದೆ. ದಾರಿಯಲ್ಲಿ ಸ್ವಲ್ಪ ಆರುವುದರಿಂದ ಇನ್ನೂ ಆಳಕ್ಕೆ ಹೋಗಿರಬೇಕು.

ಇಳಿದ ನೀರು ಹತ್ತುವುದು ಹೇಗೆ? ಗಾರೆ ಕೆಲಸದವರ ಮಟ್ಟದ ಪೈಪು ನೆನಪು ಮಾಡಿಕೊಳ್ಳಿ. ಒಂದು ತುದಿ ಎತ್ತಿದರೆ ಇನ್ನೊಂದು ತುದಿಯಲ್ಲಿ ನೀರು ಉಕ್ಕುತ್ತದೆ. ಗುಡ್ಡದ ಮೇಲೆ ಇಂಗಿದ ನೀರು ಎತ್ತಿದ ತುದಿ, ತಗ್ಗಿನ ಬಂಡೆಬಿರುಕು ಇನ್ನೊಂದು ತುದಿ. ಜೊತೆಗೆ ಬಿಸಿನೀರು ಹಗುರ. ಬಚ್ಚಲ ಹಂಡೆಗೆ ಒಲೆ ಹಚ್ಚುವುದು ತಳದಲ್ಲಿ, ಕಾದ ನೀರು ಸೇರುವುದು ಮೇಲೆ, ಅಲ್ವಾ? ಹಾಗೇ ಇಲ್ಲೂ ಕಾದ ನೀರು ಮೇಲಕ್ಕೇ ಬರುತ್ತದೆ. ಇಳಿಯುವಾಗ ಸಾವಿರ ಸಣ್ಣ ಸಂದಿಗಳಲ್ಲಿ ತೆವಳುತ್ತಾ ಕಾವು ಹೀರಿಕೊಳ್ಳುವ ನೀರು, ಹತ್ತುವಾಗ ಒಂದೇ ಅಗಲ ಬಿರುಕಿನಲ್ಲಿ ಬೇಗ ಬಂದುಬಿಡುತ್ತದೆ. ತಡವಾದರೆ ಆರಿಹೋಗುತ್ತಿತ್ತು, ಜಗಲಿಯಲ್ಲಿ ಮರೆತ ಕಾಫಿಯ ಹಾಗೆ.

ಭಾರತದ ಸುಮಾರು 300 ಬಿಸಿನೀರಿನ ಬುಗ್ಗೆಗಳ ಪಟ್ಟಿಯನ್ನು ಭೂವಿಜ್ಞಾನಿ ಥಾಮಸ್ ಓಲ್ಡ್‌ಹ್ಯಾಮ್ ಮಾಡಿದ್ದ. 1882ರಲ್ಲಿ ಅದು ಅಚ್ಚಾಯಿತು. ಬಿಸಿನೀರಿನಲ್ಲಿ ಮಿಂದರೆ ಮೈಗೆ ಹಿತ, ಭಕ್ತಿಯಿಂದ ಮುಳುಗುವವರು ಮುಳುಗಲಿ. ಆದರೆ ಚರ್ಮರೋಗಕ್ಕೆ ಇದೇ ಔಷಧಿ ಎಂದು ಡಾಕ್ಟರನ್ನು ಬಿಡಬೇಡಿ. ಅಂಥವರನ್ನು ಕಂಡಾಗ ನನಗೆ ನಿಜಕ್ಕೂ ಹೆದರಿಕೆಯಾಗುತ್ತದೆ.

ಹೊರಡುವ ಮುಂಚೆ ಇವರು ಥರ್ಮಾಮೀಟರ್ ಕಿತ್ತುಕೊಂಡು ಹೊಳೆಗಿಳಿದರು. ಕೊಳದಿಂದ ನಾಲ್ಕು ಹೆಜ್ಜೆ ಅಷ್ಟೆ. ಬಹಳ ಹೊತ್ತು ಅದ್ದಿಟ್ಟುಕೊಂಡು ಕಾದರು.

"ಇದು ಏರ್ತಾನೇ ಇಲ್ಲ ಕಣೇ."

"ಅದು ಆಳಕ್ಕೆ ಹೋಗಿಲ್ಲ ರೀ" ಎಂದೆ.